ಪ್ಲಸ್-ಮೈನಸ್ ಪಕ್ಕದ ಸಂಖ್ಯೆ ಯಾವುದು?

ಲ್ಯಾಬ್ ರೆಕಾರ್ಡ್ ತಿದ್ದಲು ಕೂತಾಗ ನನ್ನ ಕಣ್ಣು ಮೊದಲು ಹೋಗುವುದು ± ಗುರುತಿನ ಕಡೆಗೆ. ಒಬ್ಬಳು 24.3 ± 0.19 ಅಂತ ಬರೆದಿರುತ್ತಾಳೆ. ಅವಳ ಜೊತೆಗೇ ನಿಂತು ಪ್ರಯೋಗ ಮಾಡಿದವನು 24.3 ± 0.08 ಅಂತ ಬರೆದಿರುತ್ತಾನೆ. ರೀಡಿಂಗ್‌ಗಳು ಅವೇ. ಲೆಕ್ಕ ಇಬ್ಬರದೂ ಸರಿ. ಆದರೆ ± ಆದ ಮೇಲೆ ಇರುವುದು ಏನು ಅಂತ ಇಬ್ಬರೂ ಹೇಳಿಲ್ಲ.

ರೀಡಿಂಗ್‌ಗಳನ್ನೇ ನೋಡೋಣ. ಒಂದೇ ಟೈಟ್ರೇಶನ್ (ಬಣ್ಣ ಬದಲಾಗುವವರೆಗೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಅಳೆಯುವುದು) ಐದು ಸಲ ಮಾಡಿದ್ದಾರೆ. ಹನಿ ಬಿಡುವ ಗೆರೆ ಹಾಕಿದ ಗಾಜಿನ ಕೊಳವೆ, ಅಂದರೆ ಬ್ಯೂರೆಟ್, ತೋರಿಸಿದ್ದು 24.1, 24.3, 24.2, 24.6, 24.3 ಎಂಎಲ್. ಸರಾಸರಿ 24.3. ಸರಾಸರಿಯಿಂದ ಒಂದೊಂದೂ ಎಷ್ಟು ದೂರ? −0.2, 0, −0.1, 0.3, 0. ಇವನ್ನು ಸುಮ್ನೆ ಕೂಡಿದರೆ ಸೊನ್ನೆ. ಯಾವ ರೀಡಿಂಗ್ ತಗೊಂಡರೂ ಸೊನ್ನೆಯೇ ಬರುತ್ತದೆ, ಅದಕ್ಕೇ ವರ್ಗ ಮಾಡುವುದು. ವರ್ಗಗಳ ಮೊತ್ತ 0.14. ಅದನ್ನು 4ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.187. ಇದೇ ಸ್ಟ್ಯಾಂಡರ್ಡ್ ಡೀವಿಯೇಶನ್, ಪಠ್ಯಪುಸ್ತಕದ ಭಾಷೆಯಲ್ಲಿ ಮಾನಕ ವಿಚಲನೆ.

ಐದು ರೀಡಿಂಗ್ ಇದ್ದರೂ 4ರಿಂದ ಯಾಕೆ ಭಾಗಿಸಬೇಕು? ದೂರಗಳ ಮೊತ್ತ ಸೊನ್ನೆ ಅಂತ ಮೊದಲೇ ಗೊತ್ತಿದೆ, ಅಲ್ವಾ? ನಾಲ್ಕು ದೂರ ಹೇಳಿದರೆ ಐದನೆಯದನ್ನು ನಾನೇ ಹೇಳಬಲ್ಲೆ. ಅಂದರೆ ನಿಜವಾಗಿ ಹೊಸದಾಗಿ ತಿಳಿದದ್ದು ನಾಲ್ಕೇ. ಇದಕ್ಕೆ ಡಿಗ್ರೀಸ್ ಆಫ್ ಫ್ರೀಡಮ್ ಅನ್ನುವ ದೊಡ್ಡ ಹೆಸರಿಟ್ಟು ಮಕ್ಕಳನ್ನು ಹೆದರಿಸುತ್ತೇವೆ. (ನಿಮಗೆ 0.167 ಬಂದಿದ್ದರೆ ಕ್ಯಾಲ್ಕುಲೇಟರಿನಲ್ಲಿ 5ರಿಂದ ಭಾಗಿಸುವ ಬಟನ್ ಒತ್ತಿದ್ದೀರಿ.)

ಈ 0.187 ಹೇಳುವುದು ಒಂದೊಂದು ರೀಡಿಂಗ್ ಎಷ್ಟು ಅತ್ತಿತ್ತ ಆಗುತ್ತದೆ ಅಂತ. ಅದನ್ನು 5ರ ವರ್ಗಮೂಲದಿಂದ ಭಾಗಿಸಿದರೆ 0.084. ಇದು ಸ್ಟ್ಯಾಂಡರ್ಡ್ ಎರರ್. ಇನ್ನೊಮ್ಮೆ ಐದು ಸಲ ಮಾಡಿದರೆ ಸರಾಸರಿಯೇ ಎಷ್ಟು ಅಲುಗಾಡಬಹುದು ಅನ್ನುವುದು ಇದರ ಮಾತು. ಎರಡಕ್ಕೂ ಇರುವ ವ್ಯತ್ಯಾಸ ರೀಡಿಂಗ್ ಹೆಚ್ಚಿಸಿದಾಗ ಎದ್ದು ಕಾಣುತ್ತದೆ. ಐದರ ಬದಲು ಇಪ್ಪತ್ತು ಸಲ ಮಾಡಿ. ಡೀವಿಯೇಶನ್ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ, ನಿಮ್ಮ ಕೈ ಅದೇ ಕೈ ತಾನೇ? ಎರರ್ ಮಾತ್ರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಾಲ್ಕು ಪಟ್ಟು ದುಡಿದರೆ ಅರ್ಧ ಲಾಭ. ಇನ್ನು, ಬ್ಯೂರೆಟ್ಟಿನ ಸೊನ್ನೆಯೇ 0.2 ತಪ್ಪಿದ್ದರೆ ಇಪ್ಪತ್ತೂ ರೀಡಿಂಗ್ ಒಟ್ಟಿಗೇ ಸರಿದಿರುತ್ತವೆ. ಅದು ಈ ಎರಡರಲ್ಲಿ ಯಾವುದಕ್ಕೂ ಕಾಣಿಸುವುದಿಲ್ಲ.

ಚಿಕ್ಕ ಸಂಖ್ಯೆ ನೋಡಲು ಚೆಂದ ಅಂತ ಎಲ್ಲರೂ ಸ್ಟ್ಯಾಂಡರ್ಡ್ ಎರರ್ ಕಡೆಗೇ ವಾಲುತ್ತಾರೆ. ನನ್ನ ತಕರಾರು ಇರುವುದು ಅದನ್ನು ಬರೆದದ್ದಕ್ಕಲ್ಲ, ಹೆಸರು ಹೇಳದೆ ಬರೆದದ್ದಕ್ಕೆ.

ಶೇ 95ರ ವ್ಯಾಪ್ತಿ, ಅಂದರೆ ಹೀಗೆ ನೂರು ಸಲ ಲೆಕ್ಕ ಹಾಕಿದರೆ ಸುಮಾರು 95 ಸಲ ನಿಜವಾದ ಬೆಲೆಯನ್ನು ಒಳಗೊಳ್ಳುವ ವ್ಯಾಪ್ತಿ, ಬೇಕಾದಾಗ ಇನ್ನೊಂದು ಎಡವಟ್ಟು ಆಗುತ್ತದೆ. ರೀಡಿಂಗ್ ತುಂಬಾ ಇದ್ದಾಗ ಸಲ್ಲುವ 1.96ರಿಂದ ಎರರ್ ಅನ್ನು ಗುಣಿಸಿ ಮುಗಿಸುತ್ತಾರೆ. ಆದರೆ 0.187 ಅನ್ನುವುದೇ ಐದು ರೀಡಿಂಗ್ ನೋಡಿ ಮಾಡಿದ ಅಂದಾಜು, ಅದನ್ನು ಅಷ್ಟು ನಂಬುವಂತಿಲ್ಲ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಸೀಲಿ ಗಾಸೆಟ್ ಎದುರಿಸಿದ್ದು ಇದೇ ತೊಡಕನ್ನು. ರಸಾಯನಶಾಸ್ತ್ರ ಓದಿದವನು, ಅವನ ಬಳಿಯೂ ಕೆಲವೇ ಸ್ಯಾಂಪಲ್‌ಗಳು. 1908ರಲ್ಲಿ ‘ಸ್ಟೂಡೆಂಟ್’ ಅನ್ನುವ ಹೆಸರಿನಲ್ಲಿ ಅವನು ಇದಕ್ಕೆ ದಾರಿ ತೋರಿಸಿದ: ರೀಡಿಂಗ್ ಕಡಿಮೆಯಿದ್ದಷ್ಟೂ ದೊಡ್ಡ ಸಂಖ್ಯೆಯಿಂದ ಗುಣಿಸಬೇಕು. ಸ್ಟೂಡೆಂಟ್ಸ್ ಟಿ ಟೆಸ್ಟ್ ಅಂದರೆ ವಿದ್ಯಾರ್ಥಿಗಳಿಗಾಗಿ ಮಾಡಿದ ಟೆಸ್ಟ್ ಅಂದುಕೊಂಡವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ! ಐದು ರೀಡಿಂಗಿಗೆ 1.96ರ ಬದಲು ಟಿ ಪಟ್ಟಿಯಲ್ಲಿ ಸಿಗುವುದು 2.776. ಹಾಗಾಗಿ ವ್ಯಾಪ್ತಿ 24.3 ± 0.23. ಇಪ್ಪತ್ತು ರೀಡಿಂಗ್ ಇದ್ದರೆ 2.093 ಸಾಕು.

‘ಆ 24.6 ತೆಗೆದುಬಿಡಲಾ ಮೇಡಂ?’ ಈ ಪ್ರಶ್ನೆ ಬರದ ವರ್ಷವಿಲ್ಲ. ತೆಗೆದರೆ ಡೀವಿಯೇಶನ್ 0.096ಕ್ಕೆ ಇಳಿಯುತ್ತದೆ, ಆಸೆಯಾಗುವುದು ಸಹಜ. ರೆಕಾರ್ಡ್ ತೆರೆಸಿ ಆ ರೀಡಿಂಗಿನ ಪಕ್ಕ ನೋಡುತ್ತೇನೆ. ‘ಒಂದು ಹನಿ ಜಾಸ್ತಿ ಬಿತ್ತು, ಬಣ್ಣ ಗಾಢವಾಯಿತು’ ಅಂತ ಆಗಲೇ ಗುರುತು ಹಾಕಿದ್ದರೆ ತೆಗೆಯಬಹುದಿತ್ತು. ಅಲ್ಲಿ ಏನೂ ಬರೆದಿರಲಿಲ್ಲ. 24.6 ಉಳಿಯಿತು.