ಟಿಬೆಟಿಯನ್ನರಿಗೆ ಸರ್ಕಾರ ಜಮೀನು ಫ್ರೀಯಾಗಿ ಬರ್ಕೊಟ್ಟಿದ್ಯಾ?

ಶಿವಮೊಗ್ಗ ಪೇಟೇಲಿ ಟಿಬೆಟಿಯನ್ನರ ಸ್ವೆಟರ್ ಅಂಗಡಿ ಬಿದ್ರೆ ಸಾಕು, ನಂಗೆ ಈ ಪ್ರಶ್ನೆ ಬರೋಕೆ ಶುರು. "ಸಾರ್, ನಾವು ಬಗರ್ ಹುಕುಂ ಅರ್ಜಿ ಹಾಕಿ ಚಪ್ಪಲಿ ಸವೆಸಿದ್ದಷ್ಟೇ ಬಂತು, ಇವರಿಗೆ ಮಾತ್ರ ಬೈಲಕುಪ್ಪೇಲಿ ಮನೆ, ಜಮೀನು ಎಲ್ಲಾ ಫ್ರೀಯಾಗಿ ಬರ್ಕೊಟ್ಟಿದಾರಂತಲ್ಲ, ಹೌದಾ?"

ಇಲ್ಲ ಕಣ್ರೀ. ಹೋದ ಚಳಿಗಾಲದಲ್ಲೂ ಇದನ್ನೇ ಹೇಳಿದ್ದೆ.

ಜಮೀನು ಕೊಟ್ಟಿದ್ದು ನಿಜ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ್ರು, ಅವರ ಹಿಂದೇನೇ ಸಾವಿರಾರು ಜನ ಬಂದ್ರು, ಆಗಿನ ಮೈಸೂರು ರಾಜ್ಯ ಬೈಲಕುಪ್ಪೇಲಿ ಸುಮಾರು 3000 ಎಕರೆ ಬಿಟ್ಕೊಡ್ತು, 1966ರಲ್ಲಿ ಮುಂಡಗೋಡಲ್ಲೂ ಕ್ಯಾಂಪ್ ಶುರುವಾಯ್ತು. ಆದ್ರೆ ಅದೇನು ಫಲ ಬಿಟ್ಟ ಅಡಿಕೆ ತೋಟ ಅಲ್ಲ ಮಾರ್ರೇ, ಕಾಡು. ಕಡಿದು, ಸವರಿ, ಆನೆ ಕಾಟ ತಡ್ಕೊಂಡು ಜೋಳ ಬೆಳೆದಿದ್ದು ಅವರೇ.

ಈಗ ನಿಮ್ಮ ತಲೇಲಿ ಕೂತಿರೋ ಅಸಲಿ ಭೂತಕ್ಕೆ ಬರ್ತೀನಿ. ಕೊಡೋದು ಬೇರೆ, ಬರ್ಕೊಡೋದು ಬೇರೆ. ಅದು ಲೀಸ್ ಜಮೀನು. ಕೇಂದ್ರದ 2014ರ ಟಿಬೆಟನ್ ಪುನರ್ವಸತಿ ನೀತೀಲಿ ಇರೋದೂ 20 ವರ್ಷದ ಲೀಸ್ ವಿಷಯಾನೇ. ಅಲ್ಲಿರೋರು ಉಳಬಹುದು, ಮನೆ ಕಟ್ಕೊಂಡು ಇರಬಹುದು, ಆದ್ರೆ ನನ್ನ ಸ್ವಂತ ಆಸ್ತಿ ಅಂತ ಮಾರೋ ಹಾಗಿಲ್ಲ. ಹೆಚ್ಚಿನವರ ಕೈಲಿರೋದು ಫಾರಿನರ್ ಅಂತ ಕೊಡೋ ಆರ್‌ಸಿ, ಅಂದ್ರೆ ನೋಂದಣಿ ಪುಸ್ತಕ (ಗಾಡಿ ಆರ್‌ಸಿ ಅಲ್ಲ, ಅದನ್ನೂ ಒಬ್ರು ಕೇಳಿದ್ರು), ಅದನ್ನ ರಿನ್ಯೂ ಮಾಡಿಸ್ತಾ ಇರಬೇಕು.

ನಿರಾಶ್ರಿತರಿಗೆ ಮನೆ ಕೊಡಲೇಬೇಕು ಅನ್ನೋ ಕಾನೂನೇ ನಮ್ಮಲ್ಲಿಲ್ಲ, ನಿರಾಶ್ರಿತರ ಬಗ್ಗೆ ಇರೋ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಟಿಬೆಟಿನವರಿಗೆ ಸಿಕ್ಕಿದ್ದು ಸರ್ಕಾರ ಮನಸ್ಸು ಮಾಡಿದ್ದಕ್ಕೆ. ಡೆಲ್ಲೀಲಿರೋ ಅಫ್ಘಾನಿಗಳು, ರೋಹಿಂಗ್ಯಾಗಳಿಗೆ ವಿಶ್ವಸಂಸ್ಥೆಯ ನಿರಾಶ್ರಿತರ ಕಾರ್ಡ್ ಸಿಕ್ಕಿದ್ರೂ ಅದರ ಜೊತೆ ಮನೆ ಬರಲ್ಲ.

ಹಂಗಾದ್ರೆ ನಮ್ಮ ಶರಾವತಿ ಮುಳುಗಡೆಯವರು ನಿರಾಶ್ರಿತರಲ್ವಾ? ನೀವು ಕೇಳಿಲ್ಲ, ನಾನೇ ಕೇಳ್ಕೊಂಡೆ. ಮನೆ ಹೋದವರೆಲ್ಲ ನಮ್ಮ ಬಾಯಲ್ಲಿ ನಿರಾಶ್ರಿತರೇ, ಆದ್ರೆ ಆ ಒಪ್ಪಂದದ ಲೆಕ್ಕದಲ್ಲಿ ದೇಶದ ಗಡಿ ದಾಟಿದವರು ಮಾತ್ರ. ನಮ್ಮವರು ದಾಟಿದ್ದು ಹೊಳೆ, ಗಡಿ ಅಲ್ಲ. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆದಾಗ ಲಾರೀಲಿ ಸಾಮಾನು ಹೇರ್ಕೊಂಡು ಬಂದು ಇವರೂ ಕಾಡೇ ಕಡಿದ್ರು, ಇವರಲ್ಲೂ ಎಷ್ಟೋ ಮನೆಯವರಿಗೆ ಹಕ್ಕುಪತ್ರ ಇನ್ನೂ ಇಲ್ಲ. ನಮ್ಮ ದೊಡ್ಡಪ್ಪ ಆಗ ಕೊಟ್ಟ ಚೀಟೀನ ಟ್ರಂಕಲ್ಲಿ ಜೋಪಾನವಾಗಿ ಇಟ್ಟಿದಾರೆ. ಪಹಣಿ ತೆಗೆಸಿದ್ರೆ ಈಗಲೂ ಅರಣ್ಯ ಅಂತಲೇ ಬರುತ್ತೆ.