ಸಜ್ಜೆ ನಮ್ಮ ಮಣ್ಣಿನದೇ ಧಾನ್ಯವೇ?

ಪ್ರಶ್ನೆ: ಸಜ್ಜೆ ನಮ್ಮ ದೇಶದಲ್ಲೇ ಹುಟ್ಟಿದ ಬೆಳೆಯೇ, ಹೊರಗಿನಿಂದ ಬಂದದ್ದೇ? ಉತ್ತರ ಕರ್ನಾಟಕದ ಗೆಳೆಯರು ತಮ್ಮದೆನ್ನುತ್ತಾರೆ. ಆಫ್ರಿಕದ್ದು ಎಂದೂ ಓದಿದ್ದೇನೆ. – ಮಂಗಳೂರಿನ ಓದುಗರೊಬ್ಬರು

ಉತ್ತರ: ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ಉಡುಪಿ, ಮಂಗಳೂರಿನಲ್ಲಿ ಸಜ್ಜಿಗೆ ಎಂದರೆ ರವೆ. ಬೆಳಗ್ಗೆ ಹೋಟೆಲಿನಲ್ಲಿ ಸಜ್ಜಿಗೆ–ಬಜಿಲ್ ತಿಂದು ಬೆಳೆದವರಿಗೆ ಸಜ್ಜೆ ಎಂದೊಡನೆ ಆ ತಟ್ಟೆಯೇ ನೆನಪಾಗುತ್ತದೆ. ಆದರೆ ರವೆ ಗೋಧಿಯದು. ಸಜ್ಜೆ ಬೇರೆಯೇ ಧಾನ್ಯ. ಹಿಂದಿಯವರ ಬಾಜ್ರಾ, ತಮಿಳರ ಕಂಬು. ಬೂದು ಬಣ್ಣದ, ಒಂದು ತುದಿ ಚೂಪಾದ ಸಣ್ಣ ಕಾಳು.

ಅದು ಹುಟ್ಟಿದ್ದು ಆಫ್ರಿಕದಲ್ಲಿ, ಇದರಲ್ಲಿ ಅನುಮಾನವಿಲ್ಲ. ಸಹಾರಾ ಮರುಭೂಮಿಯ ದಕ್ಷಿಣ ಅಂಚಿಗೆ ಸಹೇಲ್ ಎಂಬ ಒಣ ಹುಲ್ಲುನಾಡಿದೆ. ಇಂದಿನ ಮಾಲಿ ದೇಶಕ್ಕೆ ಸೇರಿದ ಅಲ್ಲಿನ ಟಿಲೆಮ್ಸಿ ಕಣಿವೆಯಲ್ಲಿ ಸುಮಾರು 4500 ವರ್ಷ ಹಳೆಯ ಮಡಕೆಯ ಚೂರುಗಳು ಸಿಕ್ಕಿವೆ. ಆ ಜನ ಮಡಕೆ ಮಾಡುವ ಮಣ್ಣಿಗೆ ಸಜ್ಜೆಯ ಹೊಟ್ಟನ್ನು ಕಲಸುತ್ತಿದ್ದರು. ಸುಡುವಾಗ ಹೊಟ್ಟು ಉರಿದುಹೋಯಿತು, ಮಣ್ಣಿನಲ್ಲಿ ಅದರ ಅಚ್ಚು ಉಳಿಯಿತು.

ಆ ಅಚ್ಚು ಕಾಡುಹುಲ್ಲಿನದಲ್ಲ, ಜನ ಬಿತ್ತಿ ಬೆಳೆದದ್ದರದು ಎಂದು ಹೇಗೆ ತಿಳಿಯುತ್ತದೆ? ತೊಟ್ಟು ನೋಡಿ. ಕಾಡುಸಜ್ಜೆಯ ಕಾಳು ಮಾಗಿದೊಡನೆ ತಾನಾಗಿ ಕಳಚಿ ನೆಲಕ್ಕೆ ಉದುರುತ್ತದೆ. ಕಳಚಿದ ಜಾಗ ನುಣುಪಾಗಿರುತ್ತದೆ. ಬೆಳೆದ ಸಜ್ಜೆಯದು ತೆನೆಗೇ ಅಂಟಿ ನಿಲ್ಲುತ್ತದೆ, ಬಡಿದರಷ್ಟೇ ಬಿಡುತ್ತದೆ. ಹೊಟ್ಟಿನೊಂದಿಗೆ ತೊಟ್ಟೂ ಹರಿದು ಬರುತ್ತದೆ. ತೆನೆ ಕೊಯ್ದು ಮನೆಗೆ ತರುವವರ ಕೈಗೆ ಸಿಗುವುದು ಉದುರದೆ ಉಳಿದ ಕಾಳು; ಮರುವರ್ಷ ಬಿತ್ತುವುದೂ ಅದನ್ನೇ. ಹೀಗೆ ತಲೆಮಾರುಗಟ್ಟಲೆ ನಡೆದು, ಉದುರುವ ಗುಣವೇ ಬೆಳೆಯಿಂದ ಕಳೆದುಹೋಯಿತು. ಒಂದು ಮಡಕೆ ಚೂರಿನಲ್ಲಿ ಇಷ್ಟು ಕತೆ ಅಡಗಿದೆ ಎಂಬುದು ನನಗೆ ಇಂದಿಗೂ ಬೆರಗು.

ಹಾಗಾದರೆ ಉತ್ತರ ಕರ್ನಾಟಕದ ಗೆಳೆಯರ ಮಾತು ಸುಳ್ಳೇ? ಖಂಡಿತ ಅಲ್ಲ. ಆಗುಂಬೆ ಘಾಟಿ ಹತ್ತಿ ಶಿವಮೊಗ್ಗ ದಾಟಿದರೆ ಹಾವೇರಿ ಜಿಲ್ಲೆ. ಅಲ್ಲಿ ತುಂಗಭದ್ರೆಯ ದಡದಲ್ಲಿ ಹಳ್ಳೂರು ಎಂಬ ಊರಿದೆ. 1965ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ಉತ್ಖನನ ನಡೆಸಿದ ಶಿಲಾಯುಗದ ನೆಲೆ ಅದು. ಆ ನೆಲೆಯ ಮಣ್ಣಿನಲ್ಲಿ ಸಜ್ಜೆಯ ಕರಕಲು ಕಾಳುಗಳು ದೊರೆತಿವೆ. ಅವುಗಳ ಕಾಲ ಇಂದಿಗೆ ಸುಮಾರು 3500 ವರ್ಷ ಹಿಂದೆ. ಹುರುಳಿ, ಹೆಸರು, ಕೊರಲೆ ಬೆಳೆದು ಉಣ್ಣುತ್ತಿದ್ದ ನಮ್ಮ ಹಳೆಯ ರೈತರು ಆಗಲೇ ಈ ಹೊಸ ಕಾಳನ್ನೂ ಹೊಲಕ್ಕೆ ಸೇರಿಸಿಕೊಂಡಿದ್ದರು.

ಹೋಲಿಸಿ ನೋಡಿ. ಗೇರುಬೀಜ ಪೋರ್ಚುಗೀಸರ ಹಡಗಿನಲ್ಲಿ ಬ್ರೆಜಿಲ್‌ನಿಂದ ಬಂದು ಐನೂರು ವರ್ಷವೂ ತುಂಬಿಲ್ಲ. ಮಂಗಳೂರಿನಲ್ಲಿ ಯಾರಾದರೂ ಅದನ್ನು ಪರದೇಶದ್ದು ಎನ್ನುತ್ತಾರೆಯೇ? ನಮ್ಮ ಮಕ್ಕಳಿಗೆ ಮಣ್ಣಿ ಮಾಡಿ ತಿನ್ನಿಸುವ ರಾಗಿಯೂ ಆಫ್ರಿಕದಿಂದಲೇ ಬಂದದ್ದು, ಜೋಳವೂ ಹಾಗೆಯೇ. 3500 ವರ್ಷ ಬಿತ್ತಿ, ಕೊಯ್ದು, ಬೀಜ ಕಾಪಿಟ್ಟವರು ‘ನಮ್ಮದು’ ಎನ್ನುವುದರಲ್ಲಿ ತಪ್ಪಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆದರೂ ಕರಾವಳಿಯ ಗದ್ದೆಗಳಿಗೆ ಅದು ಇಳಿಯಲಿಲ್ಲ, ಅದಕ್ಕೆ ಕಾರಣ ಮಳೆ. ಸಜ್ಜೆಗೆ ವರ್ಷಕ್ಕೆ ಐದಾರು ನೂರು ಮಿಲಿಮೀಟರ್ ಮಳೆ ಧಾರಾಳ. ಇಲ್ಲಿ ಸುರಿಯುವುದು ಮೂರೂವರೆ ಸಾವಿರಕ್ಕೂ ಹೆಚ್ಚು. ತೆನೆಯಲ್ಲಿ ಮೊದಲು ಹೆಣ್ಣಿನ ಭಾಗ ಹೊರಬರುತ್ತದೆ, ಒಂದೆರಡು ದಿನ ಕಳೆದು ಪರಾಗ. ಹಾಗಾಗಿ ಪಕ್ಕದ ಗಿಡದ ಪರಾಗ ಗಾಳಿಯಲ್ಲಿ ತೇಲಿ ಬಂದು ತಗಲಬೇಕು. ಆ ಹೊತ್ತಿಗೆ ಜಡಿಮಳೆ ಹಿಡಿದರೆ ಪರಾಗ ತೊಳೆದುಹೋಗಿ ಕಾಳು ಕಟ್ಟುವುದಿಲ್ಲ. ಅಷ್ಟೇ ಅಲ್ಲ, ತೆನೆಗೆ ಶಿಲೀಂಧ್ರ ತಗಲಿ ಜೇನಿನಂಥ ಅಂಟು ಸೋರತೊಡಗುತ್ತದೆ; ಅಂಥ ತೆನೆಯ ಕಾಳು ವಿಷ. ಕೊಪ್ಪಳ, ರಾಯಚೂರು, ವಿಜಯಪುರದ ಒಣಹೊಲವೇ ಅದಕ್ಕೆ ತಕ್ಕ ಜಾಗ.

ನಾನು ಸಜ್ಜೆಯ ರುಚಿ ಕಂಡದ್ದು ಉಡುಪಿಯಲ್ಲೇ. ನಮ್ಮ ಮನೆಯ ಹಿಂದೆ ಕಟ್ಟಡದ ಕೆಲಸಕ್ಕೆ ಬಂದಿದ್ದ ಕೊಪ್ಪಳದ ಅಕ್ಕನೊಬ್ಬರು ಸಂಕ್ರಾಂತಿಯ ಮುನ್ನಾದಿನ, ಭೋಗಿಯಂದು, ರೊಟ್ಟಿ ಬಡಿಯುತ್ತಿದ್ದರು. ಸಜ್ಜೆಯ ಹಿಟ್ಟಿಗೆ ಗೋಧಿಯ ಜಿಗಿ ಇಲ್ಲ. ಕುದಿಯುವ ನೀರು ಸುರಿದು ನಾದಬೇಕು. ಅಂಗೈಯಿಂದ ತಟ್ಟಿ, ಮೇಲೆ ಬಿಳಿ ಎಳ್ಳು ಒತ್ತಿ, ಹೆಂಚಿಗೆ ಹಾಕಿ, ಒದ್ದೆ ಬಟ್ಟೆ ಆಡಿಸಿದರು. ಬಿಸಿ ರೊಟ್ಟಿ ನನ್ನ ಕೈಗಿತ್ತರು. ಕುಚಲಕ್ಕಿ ಗಂಜಿಯಲ್ಲಿ ಬೆಳೆದ ನಾಲಿಗೆಗೆ ಅದರ ಮಣ್ಣುಗಂಪು ಹೊಸದು. ಎರಡನೆಯದನ್ನು ನಾನಾಗಿಯೇ ಕೇಳಿದೆ.

ಆ ಉತ್ಸಾಹದಲ್ಲಿ ಎರಡು ಕಿಲೋ ಹಿಟ್ಟು ತಂದಿಟ್ಟೆ. ಎರಡು ವಾರ ಕಳೆದು ಡಬ್ಬ ತೆರೆದರೆ ಕಮಟು ವಾಸನೆ, ರೊಟ್ಟಿ ಕಹಿ. ಅಕ್ಕನಿಗೆ ತೋರಿಸಿದಾಗ ಅವರು ತಮ್ಮ ಚೀಲ ಬಿಚ್ಚಿದರು: ಅದರಲ್ಲಿದ್ದದ್ದು ಇಡೀ ಕಾಳು. ಸಜ್ಜೆಯಲ್ಲಿ ನೂರಕ್ಕೆ ಸುಮಾರು ಐದು ಪಾಲು ಎಣ್ಣೆಯ ಅಂಶವಿದೆ, ಅಕ್ಕಿಯಲ್ಲಿ ಇರುವುದಕ್ಕಿಂತ ಎಷ್ಟೋ ಹೆಚ್ಚು. ಕಾಳು ಇಡಿಯಾಗಿದ್ದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಬೀಸಿದೊಡನೆ ಕಾಳಿನೊಳಗಿನ ಕಿಣ್ವಗಳು ಆ ಎಣ್ಣೆಯನ್ನು ಒಡೆಯತೊಡಗುತ್ತವೆ. ನಮ್ಮ ಕಡಲಂಚಿನ ತೇವ, ಸೆಕೆಯಲ್ಲಿ ಕೆಲಸ ಇನ್ನೂ ಬೇಗ. ನೀವು ಮಂಗಳೂರಿನಲ್ಲಿ ಸಜ್ಜೆ ಕೊಳ್ಳುವುದಾದರೆ ಕಾಳನ್ನೇ ಕೊಳ್ಳಿ. ವಾರಕ್ಕೆ ಬೇಕಾದಷ್ಟನ್ನು ಮಾತ್ರ ಗಿರಣಿಗೆ ಒಯ್ಯಿರಿ, ಉಳಿದ ಹಿಟ್ಟನ್ನು ಫ್ರಿಜ್‌ನಲ್ಲಿಡಿ.