ಗೋಬರ್ ಗ್ಯಾಸಿಗೆ ಪುಡಿ ಬೇಡ, ನೀರು ಕಡಿಮೆ ಮಾಡಿ

ಮಳೆಗಾಲ ಹಿಡಿಯಿತೆಂದರೆ ಮಲೆನಾಡಿನಿಂದ ಬರುವ ಕರೆಗಳೆಲ್ಲ ಒಂದೇ ರಾಗ: "ಗೋಬರ್ ಗ್ಯಾಸ್ ಕೈಕೊಟ್ಟಿದೆ, ಒಳಗೆ ಹಾಕಲು ಏನಾದರೂ ಪುಡಿ ಇದ್ದರೆ ಹೇಳಿ." ಪುಡಿ ಬೇಡ. ಬೇಕಾದ ಸೂಕ್ಷ್ಮಾಣುಗಳು ಸೆಗಣಿಯಲ್ಲೇ ಇವೆ. ಥಂಡಿಗೆ ಅನಿಲ ಸ್ವಲ್ಪ ಇಳಿಯುವುದು ಸಹಜ. ಆದರೆ ಒಲೆ ಪೂರ್ತಿ ಸೋತಿದ್ದರೆ ನಾನು ಮೊದಲು ನೋಡುವುದು ಕೊಟ್ಟಿಗೆಯ ಕಾಲುವೆಯನ್ನು. ಸಾಮಾನ್ಯವಾಗಿ ಅದು ನೇರವಾಗಿ ಸೆಗಣಿ ಕಲಸುವ ತೊಟ್ಟಿಗೇ ಬಂದು ಬೀಳುತ್ತಿರುತ್ತದೆ.

ಎಷ್ಟು ಸಲ ಹೇಳಿದರೂ ಈ ಲೆಕ್ಕ ತಲೆಗೆ ಹತ್ತುವುದಿಲ್ಲ. ದಿನಕ್ಕೆ 2 ಘನ ಮೀಟರು ಅನಿಲ ಕೊಡುವ ಘಟಕಕ್ಕೆ ದಿನವೂ ಸುಮಾರು 50 ಕಿಲೋ ಸೆಗಣಿ, ಅಷ್ಟೇ ನೀರು. ಒಟ್ಟು ಹೆಚ್ಚುಕಡಿಮೆ 100 ಲೀಟರು. 40 ದಿನದ ಲೆಕ್ಕಕ್ಕೆ ಕಟ್ಟಿದರೆ ಒಳಗೆ 4000 ಲೀಟರು ಹಿಡಿಯುತ್ತದೆ. ಇಂದು ಹಾಕಿದ ಸೆಗಣಿ 40 ದಿನ ಒಳಗಿದ್ದು, ಕೊಳೆತು, ಅನಿಲ ಬಿಟ್ಟು ಹೊರಬರಬೇಕು. ಅದರ ಜೊತೆ ಕೊಟ್ಟಿಗೆ ತೊಳೆದ 150 ಲೀಟರು ನೀರನ್ನೂ ಬಿಟ್ಟಿರಿ ಎನ್ನಿ. ಗುಂಡಿ ಹಿಗ್ಗುವುದಿಲ್ಲ. ದಿನಕ್ಕೆ 250 ಲೀಟರು ಒಳಹೋದರೆ ಅಷ್ಟೇ ಹೊರಬರಬೇಕು. 4000ವನ್ನು 250ರಿಂದ ಭಾಗಿಸಿ: 16 ದಿನ. "ಸೆಗಣಿ ಎಂದಿನಷ್ಟೇ ಹಾಕುತ್ತಿದ್ದೇವಲ್ಲ?" ಎಂದು ವಾದಿಸುತ್ತಾರೆ. ಹಾಕುತ್ತಿದ್ದೀರಿ, ನಿಜ. ಅರೆಬರೆ ಕೊಳೆತದ್ದನ್ನು ಹೊರಗೆ ತಳ್ಳುತ್ತಲೂ ಇದ್ದೀರಿ. ಗುಂಡಿಯಿಂದ ಹೊರಬರುವ ಬಗ್ಗಡ ನಾರುತ್ತಿದ್ದರೆ, ನೊಣ ಮುತ್ತುತ್ತಿದ್ದರೆ, ಹೊರಬಂದ ಮೇಲೂ ಗುಳ್ಳೆ ಏಳುತ್ತಿದ್ದರೆ, ಒಲೆಗೆ ಬರಬೇಕಾದ ಅನಿಲ ಅಲ್ಲಿ ಹೋಗುತ್ತಿದೆ ಎಂದೇ ಅನುಮಾನಿಸಿ.

ಸಿದ್ದಾಪುರದ ಕಡೆಯ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಸೆಗಣಿಯನ್ನು ಕೈಯಾರೆ ಕಲಸುತ್ತಿದ್ದರು. ಅಳತೆ ಕೇಳಿದರೆ, "ಉದ್ದಿನ ದೋಸೆ ಹಿಟ್ಟಿನ ಹಾಗಿರಬೇಕು, ನೀರುದೋಸೆಯದಲ್ಲ" ಎಂದರು. ಒಲೆ ಚೆನ್ನಾಗಿಯೇ ಉರಿಯುತ್ತಿತ್ತು. ಆಮೇಲೆ ಮಗ ಕೊಟ್ಟಿಗೆಗೆ ಮೋಟರು, ಉದ್ದನೆಯ ಪೈಪು ತಂದ. ಸೊಂಟನೋವಿನ ಅಮ್ಮನಿಗೆ ಸುಲಭವಾಗಲಿ ಎಂಬ ಆಸೆ. ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಆದರೆ ಅಜ್ಜಿ ಮತ್ತೆ ಕಟ್ಟಿಗೆ ಒಲೆ ಹೊತ್ತಿಸುತ್ತಿದ್ದರು.

1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸೆಗಣಿ ಅನಿಲದಿಂದ ಎಂಜಿನ್ ಓಡಿಸಿ ಊರಿಗೆ ಕುಡಿಯುವ ನೀರು, ದೀಪ ಒದಗಿಸಿತ್ತು. ಅಲ್ಲಿ ಮನೆಮನೆಯ ಸೆಗಣಿಯನ್ನು ತೂಗಿ ಪಡೆದು, ಬಗ್ಗಡವನ್ನು ಮರಳಿ ಕೊಡುತ್ತಿದ್ದರು. ನಾವು ಒಂದು ಬಕೆಟ್ಟನ್ನೂ ಅಳೆಯುವುದಿಲ್ಲ.

ತೊಳೆದ ನೀರನ್ನು ಬೇರೆ ಕಾಲುವೆಯಲ್ಲಿ ತೋಟಕ್ಕೆ ಬಿಡಿ. ಸೂಕ್ಷ್ಮಾಣುಗಳನ್ನು ಕೊಲ್ಲುವ ಫಿನಾಯಿಲ್ ಹಾಕಿ ತೊಳೆಯುವವರು ಇದನ್ನು ಇನ್ನೂ ಬೇಗ ಮಾಡುವುದು ಒಳ್ಳೆಯದು. ಬಗ್ಗಡವನ್ನು ಬಿಸಿಲಿಗೆ ಒಣಹಾಕಬೇಡಿ, ಸಾರಜನಕ ಒಂದಷ್ಟು ಹಾರಿಹೋಗುತ್ತದೆ. ಗೊಬ್ಬರಗುಂಡಿಯಲ್ಲಿ ದರಕಿನ (ಒಣಗಿದ ಎಲೆಗಳ) ಮೇಲೆ ಪದರವಾಗಿ ಸುರಿಯಿರಿ.

ನೀರು ನಿಲ್ಲಿಸಿದ ಮರುದಿನವೇ ಒಲೆ ಸರಿಯಾಗದು. ಕೆಲವು ವಾರ ಬೇಕಾಗಬಹುದು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಅಷ್ಟರೊಳಗೆ ತಾಳ್ಮೆಗೆಟ್ಟು ಗುಂಡಿಗೆ ಇಳಿದು ನೋಡುವ ಸಾಹಸ ಮಾತ್ರ ಬೇಡ. ಒಳಗಿನ ಗಾಳಿ ಪ್ರಾಣ ತೆಗೆದೀತು.